ಹನ್ನೆರಡು ಗಂಟುಗಳ ಪರೀಕ್ಷೆ

ನನ್ನ ಬಳಿ ಲೇಸು ಕಟ್ಟುವ ಬೂಟುಗಳಿಲ್ಲ. ಲಾಡಿ ಕಟ್ಟುವ ಪೈಜಾಮವೂ ಇಲ್ಲ, ಎಲ್ಲದಕ್ಕೂ ಇಲಾಸ್ಟಿಕ್ಕು. ಜಡೆಗೆ ರಿಬ್ಬನ್ನಿನ ಬದಲು ಕ್ಲಿಪ್ಪು, ಪುಸ್ತಕದ ಕಟ್ಟಿಗೆ ರಬ್ಬರ್ ಬ್ಯಾಂಡು. ನಮ್ಮೂರಿನಲ್ಲಿ ಮಾತಾಡದೆ ಕಟ್ಟಿದ ಗಂಟು ನಿಲ್ಲುವುದಿಲ್ಲ. ಹತ್ತು ನಿಮಿಷದೊಳಗೆ ತಾನಾಗಿಯೇ ಸಡಿಲಾಗಿ ಬಿಚ್ಚಿಕೊಳ್ಳುತ್ತದೆ. ಮಾತು ಅಂದರೆ ಯಾವುದೋ ಒಂದು ಮಾತು ಸಾಲದು. ಎದುರಿಗೆ ಒಬ್ಬರು ಇರಬೇಕು, ಅವರು ಆ ಮಾತನ್ನು ಮೊದಲು ಕೇಳಿರಬಾರದು. ಒಂದು ಗಂಟಿಗೆ ಒಂದು ಹೊಸ ಮಾತು. ಡೈರಿಯ ಮುಂದೆ ಹೇಳಿಕೊಂಡರೆ ನಡೆಯುವುದಿಲ್ಲ. ನಾನು ಪ್ರಯತ್ನಿಸಿ ನೋಡಿದ್ದೇನೆ.

ಊರಿನವರಿಗೆ ಇದು ಕಷ್ಟವೇನಲ್ಲ. ನಮ್ಮ ಅಮ್ಮ ಹೂ ಕಟ್ಟಿ ಮಾರುವವಳು. ಮೊಳಕ್ಕೆ ನಲವತ್ತು ಗಂಟು ಎಂದರೂ ದಿನಕ್ಕೆ ಅವಳು ಎಷ್ಟು ಮಾತಾಡುತ್ತಾಳೆಂದು ಲೆಕ್ಕ ಹಾಕಲು ನನಗೆ ಧೈರ್ಯವಿಲ್ಲ. ಮಲ್ಲಿಗೆಯ ರಾಶಿಯ ಸುತ್ತ ಐದು ಜನ ಹೆಂಗಸರು ಕೂತರೆ ಊರಿನ ಒಂದು ಮನೆಯ ಸುದ್ದಿಯೂ ಉಳಿಯುವುದಿಲ್ಲ. ಮದುವೆಯಾಗಿ ಮೂವತ್ತು ವರ್ಷ ಕಳೆದ ದಂಪತಿಗಳು ಮಾತ್ರ ಅಕ್ಕಿಮೂಟೆಯ ಬಾಯಿ ಕಟ್ಟಲು ಪಕ್ಕದ ಮನೆಯವರನ್ನು ಕರೆಯುತ್ತಾರೆ. ಅದರಲ್ಲಿ ಅವಮಾನವೇನೂ ಇಲ್ಲ. ಸುಳ್ಳು ಹೇಳಿಯೂ ಗಂಟು ಹಾಕಬಹುದು. ಆದರೆ ಅದು ಸುಳ್ಳೆಂದು ಕೇಳಿದವರಿಗೆ ತಿಳಿದ ಗಳಿಗೆಯಲ್ಲೇ ಬಿಚ್ಚಿಕೊಳ್ಳುತ್ತದೆ. ಬೀದಿಯಲ್ಲಿ ಹಸುವೊಂದು ಹಗ್ಗ ಎಳೆದುಕೊಂಡು ಓಡುತ್ತಿದ್ದರೆ ಯಾರದೋ ಸುಳ್ಳು ಬಯಲಾಯಿತೆಂದು ಜನ ನಗುತ್ತಾರೆ. ಇನ್ನೊಂದು ರೂಢಿಯನ್ನು ಮಕ್ಕಳಿಗೆ ಎರಡನೇ ವರ್ಷದಲ್ಲೇ ಕಲಿಸುತ್ತಾರೆ: ಗಂಟು ಹಾಕುವವರು ಮಾತಾಡುವಾಗ ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು, ಮಾತಿಗೆ ಮಾತು ಅಡ್ಡ ಬರಬಾರದು.

ಇಂಥ ಊರಿನಲ್ಲಿ ನಾನು ಸರ್ಜನ್ ಆಗಬೇಕೆಂದು ಆಸೆಪಟ್ಟೆ.

ಎಂಬಿಬಿಎಸ್ ಮುಗಿಸಿ ಹೌಸ್ ಸರ್ಜನ್ ಆಗಿದ್ದಾಗ ಒಂದು ದಿನ ಹರ್ನಿಯಾ ಆಪರೇಷನ್ನಿನಲ್ಲಿ ಗಾಯದ ಅಂಚನ್ನು ಅಗಲಿಸಿ ಹಿಡಿಯುವ ಕೊಕ್ಕೆಯನ್ನು ಹಿಡಿದುಕೊಂಡು ಎರಡು ಗಂಟೆ ನಿಂತಿದ್ದೆ. ಸರ್ಜನ್ ಹೊಲಿಗೆ ಹಾಕುತ್ತ ನರ್ಸಮ್ಮನಿಗೆ ತಮ್ಮ ಭಾವಮೈದುನನ ಮನೆಯ ಗೃಹಪ್ರವೇಶದ ಕಥೆಯನ್ನು ಗಂಟಿಗೊಂದು ಮಾತಿನಂತೆ ಹೇಳುತ್ತಿದ್ದರು. ನನಗೆ ಕಥೆ ಕೇಳಿಸಲಿಲ್ಲ. ಒಳಗೆ ಒಂದರ ಮೇಲೊಂದು ಪದರಗಳು ಎಷ್ಟು ಅಚ್ಚುಕಟ್ಟಾಗಿ ಮಡಿಸಿಕೊಂಡಿವೆ ಎಂದು ನೋಡುತ್ತಿದ್ದೆ. ನನ್ನ ಬಾಯಿಗೆ ಇಲ್ಲದ ಧೈರ್ಯ ನನ್ನ ಕೈಗಳಿಗೆ ಇದೆಯೆಂದು ಅಂದು ಡೈರಿಯಲ್ಲಿ ಬರೆದುಕೊಂಡೆ.

ಸರ್ಜರಿ ಪಿಜಿ ಪ್ರವೇಶಕ್ಕೆ ನಮ್ಮಲ್ಲಿ ಎರಡು ಪರೀಕ್ಷೆ. ಒಂದು ಬರೆಯುವುದು, ಒಂದು ಕಟ್ಟುವುದು. ಎರಡನೆಯದರಲ್ಲಿ ಹನ್ನೆರಡು ಗಂಟು ಹಾಕಬೇಕು, ಎಂಟಾದರೂ ನಿಲ್ಲಬೇಕು. ಮೂರು ಅವಕಾಶ ಮಾತ್ರ. ನಾನು ಎರಡು ಸಲ ಬರೆಯುವ ಪರೀಕ್ಷೆಯಲ್ಲಿ ಮೊದಲನೆಯವಳಾಗಿ ಎರಡು ಸಲವೂ ಗಂಟಿನಲ್ಲಿ ಸೊನ್ನೆ ತೆಗೆದುಕೊಂಡಿದ್ದೆ. ಮೂರನೆಯದೂ ಹೋದರೆ ಚರ್ಮರೋಗ ವಿಭಾಗ. ಅಲ್ಲಿ ಗಂಟುಗಳಿಲ್ಲ, ಮುಲಾಮು.

ಹಾಗಾಗಿ ಈ ವರ್ಷ ಡಾಕ್ಟರ್ ಹಾಲಪ್ಪನವರ ರಿವಿಷನ್ ಕ್ಲಾಸಿಗೆ ಸೇರಿದೆ. ಹಾಲಪ್ಪನವರು ನಿವೃತ್ತ ಸರ್ಜನ್. ಬೇಕರಿಯ ಮೇಲಿನ ಮಹಡಿಯಲ್ಲಿ ಮೂರು ತಿಂಗಳ ಕೋರ್ಸು ನಡೆಸುತ್ತಾರೆ. ಬೆಳಿಗ್ಗೆ ಥೈರಾಯ್ಡು, ಕರುಳು, ಸುಟ್ಟಗಾಯ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳು ದಿನಕ್ಕೆ ಇನ್ನೂರು. ಮಧ್ಯಾಹ್ನ ಬಾಳೆಹಣ್ಣಿನ ಸಿಪ್ಪೆಗೆ ಹೊಲಿಗೆ. ಕೆಳಗಿನಿಂದ ಬಿಸಿ ಬನ್ನಿನ ವಾಸನೆ ಬರುತ್ತಿರುತ್ತದೆ, ಸಿಪ್ಪೆ ನಮಗೆ, ಹಣ್ಣು ಬೇಕರಿಗೆ.

ಇಬ್ಬಿಬ್ಬರನ್ನು ಎದುರು ಬದುರು ಕೂರಿಸುತ್ತಿದ್ದರು. ನನಗೆ ಜೊತೆಯಾದವಳು ನಸೀಮಾ. ಅವಳಿಗೆ ಕುತ್ತಿಗೆಯ ನರಗಳ ಹೆಸರು ಒಂದೂ ನೆನಪಿರುತ್ತಿರಲಿಲ್ಲ, ಆದರೆ ಸೂಜಿ ಕೈಗೆ ಬಂದರೆ ಮಾತು ತಾನಾಗಿ ಬರುತ್ತಿತ್ತು. ಮೊದಲ ದಿನವೇ ಅವಳ ತಮ್ಮನ ಸ್ಕೂಟರಿನ ಪೂರ್ತಿ ಚರಿತ್ರೆಯನ್ನು ಇಪ್ಪತ್ತಾರು ಗಂಟುಗಳಲ್ಲಿ ಮುಗಿಸಿದಳು. ಒಂದೂ ಬಿಚ್ಚಲಿಲ್ಲ.

"ಈಗ ನೀನು ಹೇಳು" ಎಂದಳು.

ನಾನು ಸೂಜಿ ಚುಚ್ಚಿ ನೂಲು ಎಳೆದೆ. ಎಡಗೈ ಮೇಲೆ ಬಲಗೈ ಬಂತು, ನೂಲು ಸುತ್ತಿಕೊಂಡಿತು. ಬಾಯಿ ತೆರೆದೆ. ಏನೂ ಬರಲಿಲ್ಲ. ಗಂಟು ಸ್ವಲ್ಪ ಹೊತ್ತು ನನ್ನನ್ನು ಕಾದು ಆಮೇಲೆ ಕಾಲು ಚಾಚಿ ಮಲಗಿತು.

"ಅಲ್ವೇ, ನಿಂಗೆ ಹೇಳೋಕೆ ಏನೂ ಇಲ್ವಾ?"

"ಇದೆ."

"ಮತ್ತೆ?"

"ಹೇಳೋ ಹೊತ್ತಿಗೆ, ಇದನ್ನ ಹೇಳಿ ಏನಾಗಬೇಕು ಅನ್ನಿಸುತ್ತೆ."

ನಸೀಮಾ ಸಿಪ್ಪೆಯನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. "ನಮ್ಮ ಅಪ್ಪನ ಹತ್ರ ಹೇಳಬೇಡ ಇದನ್ನ. ಅವರು ಹೀಗೆ ಒಂದು ಸಲ ಯೋಚನೆ ಮಾಡಿದ್ರೆ ನಮ್ಮ ಅಂಗಡಿಲಿ ಒಂದು ಪೊಟ್ಟಣಾನೂ ಕಟ್ಟೋಕಾಗಲ್ಲ."

ಹಾಲಪ್ಪನವರು ನಮ್ಮ ಮೇಜಿನ ಬಳಿ ಬಂದು ನನ್ನ ಸಿಪ್ಪೆ ಎತ್ತಿ ನೋಡಿದರು. ಹೊಲಿಗೆಯ ಅಂತರ, ಆಳ, ಅಂಚು ಕೂಡಿರುವ ರೀತಿ ಎಲ್ಲವೂ ಸರಿಯಿತ್ತು, ಗಂಟೊಂದನ್ನು ಬಿಟ್ಟು. "ಏನಮ್ಮ ವಾರಿಜಾ, ನಿನ್ನ ಕೈ ನೋಡಿದ್ರೆ ನನಗೇ ಹೊಟ್ಟೆಕಿಚ್ಚು ಬರ್ತದೆ. ಪಂಕಜಮ್ಮನ ಮಗಳಾಗಿ ಹುಟ್ಟಿ ಇದೊಂದು ಯಾಕೆ ಹಿಂಗೆ?" ಎಂದರು. ಅಮ್ಮ ಅವರ ಮನೆಗೂ ಹೂ ಕೊಡುತ್ತಾಳೆ.

ಅವರು ನನಗೋಸ್ಕರ ಎಂದೇ ಒಂದು ಉಪಾಯ ಮಾಡಿದರು. ಪರೀಕ್ಷೆಯಲ್ಲಿ ಹೇಳಬಹುದಾದ ನಲವತ್ತು ಮಾತುಗಳ ಪಟ್ಟಿಯನ್ನು ಅಚ್ಚು ಹಾಕಿಸಿದರು. ಮೊದಲನೆಯದು, ಯಜಮಾನ್ರೇ, ಊಟ ಆಯ್ತಾ. ಎರಡನೆಯದು, ಈ ಸಲ ಸೆಖೆ ಜಾಸ್ತಿ ಅನ್ನಿಸ್ತದೆ. ಮೂರನೆಯದು, ನಮ್ಮ ಮನೆ ಬೆಕ್ಕು ನಿನ್ನೆ ಮರಿ ಹಾಕ್ತು. ಹೀಗೆ ನಲವತ್ತು. ಅಪರಿಚಿತರಿಗೆ ಯಾರು ಬೇಕಾದರೂ ಹೇಳಬಹುದಾದ, ಹೇಳುವಾಗ ನಾಚಿಕೆಯಾಗದ ಮಾತುಗಳು. ಬೆಕ್ಕಿನದು ಸುಳ್ಳಾಗಬಾರದೆಂದು ಬೇಕರಿಯ ಬೆಕ್ಕನ್ನು ನಮ್ಮೆಲ್ಲರದೂ ಎಂದು ಘೋಷಿಸಿದರು. ಅದು ಪರೀಕ್ಷೆಯ ಹಿಂದಿನ ದಿನವೇ ಮೂರು ಮರಿ ಹಾಕಿ ನಮ್ಮ ಮಾನ ಉಳಿಸಿತು. ಪಟ್ಟಿ ಎಷ್ಟು ಚೆನ್ನಾಗಿತ್ತೆಂದರೆ ಕ್ಲಾಸಿನ ಮೂವತ್ತೂ ಜನ ಒಂದೊಂದು ಪ್ರತಿ ತೆಗೆದುಕೊಂಡರು. ಬೀದಿ ಕೊನೆಯ ಇನ್ನೊಂದು ಕೋಚಿಂಗಿನವರೂ ಜೆರಾಕ್ಸ್ ಮಾಡಿಸಿಕೊಂಡು ಹೋದರು.

ನಾನು ಪಟ್ಟಿಯನ್ನು ಬಾಯಿಪಾಠ ಮಾಡಿದೆ. ಹದಿನೈದು ದಿನ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಹೇಳಿಕೊಂಡೆ. ಅಮ್ಮ ಕೇಳಿಸಿಕೊಂಡು ನಗುತ್ತಿದ್ದಳು. "ಇದೇನೇ ಇದು, ಕಂಡಕ್ಟರ್ ಸ್ಟಾಪ್ ಹೆಸರು ಕೂಗಿದ ಹಾಗೆ. ಮನಸ್ಸಿಗೆ ಬಂದದ್ದು ಒಂದು ಹೇಳಬಾರದಾ?"

"ಮನಸ್ಸಿಗೆ ಬಂದದ್ದು ಬಾಯಿಗೆ ಬರಲ್ಲಮ್ಮ."

"ನಂಗೆ ನೋಡು, ಬಾಯಿಗೆ ಬಂದಮೇಲೇ ಮನಸ್ಸಿಗೆ ಬರೋದು" ಎಂದಳು.

ಬರೆಯುವ ಪರೀಕ್ಷೆ ಮೊದಲು ನಡೆಯಿತು. ಕುತ್ತಿಗೆಯ ನರಗಳನ್ನು ನಸೀಮಾಳ ತಲೆಗೆ ಹತ್ತಿಸಿದ್ದೆ, ಅವಳೂ ಪಾಸಾದಳು. ನಾನು ಮತ್ತೆ ಮೊದಲನೆಯವಳಾದೆ. ಫಲಿತಾಂಶದ ಹಾಳೆಯ ಮುಂದೆ ಯಾರೋ, "ಈಕೆ ಪ್ರತಿ ವರ್ಷ ಮೊದಲು ಬರ್ತಾಳೆ, ಇದನ್ನೇ ಕೆಲಸ ಮಾಡ್ಕೊಂಡಿದ್ದಾಳೆ" ಎಂದದ್ದು ಕೇಳಿಸಿತು. ಹೇಳಿದವರು ಯಾರೆಂದು ತಿರುಗಿ ನೋಡಲಿಲ್ಲ.

ಮುಂದಿನ ವಾರ ಗಂಟಿನ ಪರೀಕ್ಷೆ. ಒಳಗೆ ಒಬ್ಬರು ಸ್ವಯಂಸೇವಕರು ಕೂತಿರುತ್ತಾರೆ, ಅವರ ಮೊಣಕೈ ಕೆಳಗೆ ದಪ್ಪ ರೆಕ್ಸಿನ್ ಪಟ್ಟಿಯೊಂದನ್ನು ಬಕಲ್ ಹಾಕಿ ಬಿಗಿದಿರುತ್ತಾರೆ. ರೆಕ್ಸಿನ್ನಿನಲ್ಲಿರುವ ಸೀಳನ್ನು ಗಾಯವೆಂದು ತಿಳಿದು ಹೊಲಿಯಬೇಕು, ಅವರೊಡನೆ ಮಾತಾಡುತ್ತ. ಹೊಲಿಯಲು ಒಬ್ಬೊಬ್ಬರಿಗೆ ಹೆಚ್ಚೆಂದರೆ ಹದಿನೈದು ನಿಮಿಷ. ಮುಂಬಾಗಿಲಲ್ಲಿ ಒಳಗೆ ಹೋದವರು ಹಿಂಬಾಗಿಲಲ್ಲಿ ಹೊರಗೆ ಹೋಗುತ್ತಾರೆ, ಹೊರಗಿದ್ದವರಿಗೆ ಒಳಗಿನ ಸುದ್ದಿ ಸಿಗುವುದಿಲ್ಲ. ನನ್ನದು ಹತ್ತೊಂಬತ್ತನೇ ನಂಬರು. ಒಂಬತ್ತು ಗಂಟೆಗೆ ಬಂದು ಕೂತವಳು ಎರಡು ಗಂಟೆಯ ತನಕ ಹಾಲಪ್ಪನವರ ಪಟ್ಟಿಯನ್ನು ಮನಸ್ಸಿನಲ್ಲೇ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹೇಳಿಕೊಂಡೆ.

ಒಳಗೆ ಇಬ್ಬರು ಪರೀಕ್ಷಕರಿದ್ದರು. ಹಿರಿಯರು ಡಾಕ್ಟರ್ ವಿಮಲಾಕ್ಷಿ, ಸರ್ಜರಿ ವಿಭಾಗದ ಮುಖ್ಯಸ್ಥರು. ಅವರು ಆಪರೇಷನ್ ಗೌನು ತೊಟ್ಟೇ ಪರೀಕ್ಷೆ ನಡೆಸುತ್ತಾರೆಂದು, ಕಳೆದೆರಡು ಸಲ ನನ್ನ ಸೊನ್ನೆಗಳನ್ನು ಕೊಟ್ಟವರೂ ಅವರೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವರ ಪಕ್ಕದಲ್ಲಿ ನಿಯಮಗಳ ಪುಸ್ತಕ ಹಿಡಿದ ಕಿರಿಯ ಪರೀಕ್ಷಕರು. ಕುರ್ಚಿಯಲ್ಲಿ ಸ್ವಯಂಸೇವಕರು, ಅರವತ್ತು ದಾಟಿದವರು, ಹೆಸರು ಚೌಡಪ್ಪ ಎಂದು ಎದೆಯ ಮೇಲಿನ ಚೀಟಿಯಲ್ಲಿತ್ತು. ಅವರ ಮುಖ ಬೆಳಿಗ್ಗೆಯಿಂದ ಪಿತ್ತವೇರಿದವರ ಹಾಗಿತ್ತು.

ನಾನು ಕೂತು ಸೂಜಿ ಚುಚ್ಚಿದೆ. ನೂಲು ಸುತ್ತಿದೆ. ಹದಿನೈದು ದಿನದ ಪುಣ್ಯ, ಮಾತು ತಡೆಯದೆ ಬಂತು.

"ಯಜಮಾನ್ರೇ, ಊಟ ಆಯ್ತಾ?"

ಗಂಟು ನನ್ನ ಬೆರಳ ಕೆಳಗೇ ಬಿಚ್ಚಿಕೊಂಡಿತು.

ಚೌಡಪ್ಪ ನನ್ನನ್ನು ನೋಡಿದರು. "ಈ ಸಲ ಸೆಖೆ ಜಾಸ್ತಿ" ಎಂದರು ತಾವೇ. "ಬೆಕ್ಕು ನಿನ್ನೆ ಮರಿ ಹಾಕ್ತು. ಬಸ್ಸುಗಳು ಟೈಮಿಗೆ ಬರಲ್ಲ. ಟೊಮ್ಯಾಟೊ ರುಚಿ ಮೊದಲಿನ ಹಂಗಿಲ್ಲ. ಇನ್ನೂ ಹೇಳ್ಲಾ?"

ನನಗೆ ಅರ್ಥವಾಯಿತು. ನನಗಿಂತ ಮುಂಚೆ ಹದಿನೆಂಟು ಜನ ಇದೇ ಕುರ್ಚಿಯಲ್ಲಿ ಕೂತು, ಇದೇ ಮನುಷ್ಯನಿಗೆ, ಇದೇ ಪಟ್ಟಿ ಹೇಳಿ ಹೋಗಿದ್ದರು. ಹಾಲಪ್ಪನವರಿಗಾಗಲಿ ನಮಗಾಗಲಿ ಇದು ಹೊಳೆದಿರಲಿಲ್ಲ. ಮೊದಲನೇ ನಂಬರಿನವನಿಗೆ ನಿಂತ ಗಂಟು ಎರಡನೆಯವನಿಗೆ ನಿಲ್ಲುವುದು ಸಾಧ್ಯವೇ ಇರಲಿಲ್ಲ. ಆಮೇಲೆ ತಿಳಿಯಿತು, ಏಳನೇ ನಂಬರಿನ ನಸೀಮಾ ಮೊದಲ ಗಂಟು ಬಿಚ್ಚಿದ ಕೂಡಲೇ ಪಟ್ಟಿಯನ್ನು ಮನಸ್ಸಿನಿಂದ ಹರಿದು ಹಾಕಿ ತಮ್ಮನ ಸ್ಕೂಟರನ್ನು ಹೊರಡಿಸಿದ್ದಳು, ಒಂಬತ್ತು ಗಂಟು ನಿಂತವು. ನನ್ನ ಬಳಿ ಸ್ಕೂಟರ್ ಇರಲಿಲ್ಲ. ಪಟ್ಟಿ ಹೋಯಿತೆಂದರೆ ಎಲ್ಲ ಹೋಯಿತು. ಎದುರಿನ ಗಡಿಯಾರದಲ್ಲಿ ಎರಡು ನಿಮಿಷ ಕಳೆದಿತ್ತು. ಮುಲಾಮಿನ ಡಬ್ಬಿಗಳು ಸಾಲಾಗಿ ಕಣ್ಣೆದುರು ಬಂದು ನಿಂತವು.

ಕೈಯಂತೂ ಸುಮ್ಮನಿರಲಿಲ್ಲ, ಮತ್ತೊಮ್ಮೆ ಚುಚ್ಚಿತು. ಆಗ ನನಗೆ ಅನ್ನಿಸಿದ್ದು ಒಂದೇ: ಈ ಮನುಷ್ಯನನ್ನು ಊಟ ಆಯಿತೇ ಎಂದು ಹತ್ತೊಂಬತ್ತು ಜನ ಕೇಳಿದ್ದೇವೆ, ಉತ್ತರ ಏನೆಂದು ಯಾರಿಗೂ ಗೊತ್ತಿಲ್ಲ.

"ಆಗಿಲ್ವಾ?" ಎಂದೆ, ಮೆಲ್ಲಗೆ.

"ಏನು?"

"ಊಟ."

ಚೌಡಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಆಗಿಲ್ಲ ಕಣವ್ವ. ಬುತ್ತಿ ಬಸ್ ಸ್ಟ್ಯಾಂಡಲ್ಲಿ ಚೆಲ್ಲಿಹೋಯ್ತು."

ನಾನು ನೂಲು ಎಳೆದು ಗಂಟು ಹಾಕಿದೆ. ಅದು ಕೂತ ರೀತಿ ನನಗೆ ಹೊಸದು. ಎಂದೂ ನೋಡಿರದ ಹಾಗೆ ತಲೆ ತಗ್ಗಿಸಿ ಕೂತಿತು.

"ಹೇಗೆ?"

"ಹೆಂಗೆ ಅಂದ್ರೆ, ನಮ್ಮನೆಯವಳು ಮಗಳ ಬಾಣಂತನಕ್ಕೆ ಹೋಗಿ ಇಪ್ಪತ್ತು ದಿನ ಆಯ್ತು." ಒಂದು ಗಂಟು. "ಮನೇಲಿ ನಾನೊಬ್ನೆ. ಬುತ್ತಿ ಬಟ್ಟೆಗೆ ಗಂಟು ಹಾಕಬೇಕಲ್ಲ, ಮಾತಾಡೋಕೆ ಯಾರವ್ರೆ?" ಇನ್ನೊಂದು. "ಗೋಡೆ ಮೇಲಿನ ಕ್ಯಾಲೆಂಡರಿಗೆ ಹೇಳ್ದೆ, ಇವತ್ತು ಚಿತ್ರಾನ್ನ ಮಾಡಿದೀನಿ, ಸಾಸಿವೆ ಸೀದೋಯ್ತು ಅಂತ." ಇನ್ನೊಂದು. "ಕ್ಯಾಲೆಂಡರ್ ಏನು ಕೇಳ್ತದಾ? ಬಸ್ಸಿಳಿದೆ, ಬಟ್ಟೆ ಬಿಚ್ಕಂಡು ಡಬ್ಬಿ ಮಗುಚ್ಕಂತು. ಒಂದು ಆಡು ನಿಂತಿತ್ತು ನೋಡು, ನಂಗೋಸ್ಕರ ಕಾಯ್ದಂಗೆ."

"ತಿಂತಾ?"

"ಸೀದಿದ್ದ ಸಾಸಿವೆ ಬಿಟ್ಟು ಮಿಕ್ಕಿದ್ದೆಲ್ಲ ತಿಂತು."

ನನಗೆ ನಗು ಬಂತು. ಕೈ ನಿಲ್ಲಿಸದೆ ನಕ್ಕೆ. ಅವರೂ ನಕ್ಕರು. ಕಿರಿಯ ಪರೀಕ್ಷಕರು ತಲೆಯೆತ್ತಿ ನೋಡಿದರು.

"ಈ ಕೆಲಸಕ್ಕೆ ಯಾಕೆ ಬಂದ್ರಿ?" ಎಂದೆ. ನನ್ನ ಜೀವನದಲ್ಲೇ ಅಪರಿಚಿತರೊಬ್ಬರನ್ನು ಕೇಳಿದ ಅತಿ ಉದ್ದದ ಪ್ರಶ್ನೆ ಅದಾಗಿತ್ತು.

"ಮೂವತ್ತೈದು ವರ್ಷ ಸಾಮಿಲ್ಲಲ್ಲಿ ಮರ ಕೊಯ್ದಿದೀನಿ. ಅಲ್ಲಿ ಗರಗಸದ ಸದ್ದಲ್ಲಿ ಯಾರ ಮಾತೂ ಯಾರಿಗೂ ಕೇಳಲ್ಲ. ಮೂವತ್ತು ಜನ ಮಕ್ಕಳು ಮಾತಾಡಿಸ್ತಾರೆ ಅಂತ ನೋಟೀಸಲ್ಲಿ ಇತ್ತು. ಬಂದೆ." ಅವರು ತೋಳನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿದರು. "ಮಾತಾಡಿಸ್ತಾರೆ ಅಂದ್ರೆ ನಾನೂ ಆಡಬೌದು ಅಂದ್ಕಂಡಿದ್ದೆ. ಬೆಳಗ್ಗಿಂದ ಬಾಯಿ ಬಿಡೋಕೆ ಬಿಟ್ಟೋಳು ನೀನೇ ಮೊದಲ್ನೇವ್ಳು."

ಆಮೇಲೆ ನಾನು ಕೇಳಬೇಕಾದ್ದೇನೂ ಇರಲಿಲ್ಲ. ಮೊಮ್ಮಗಳ ಮೂಗು ಬೀಗರ ಕಡೆಯದೆಂದು, ತೇಗ ಕೊಯ್ದರೆ ಎಂಥ ವಾಸನೆ, ಹಲಸು ಕೊಯ್ದರೆ ಎಂಥ ವಾಸನೆ ಎಂದು, ಒಂದು ಸಲ ಮರದೊಳಗೆ ಹಳೆಯ ಬೀಗವೊಂದು ಸಿಕ್ಕಿತೆಂದು ಹೇಳುತ್ತ ಹೋದರು. ನಾನು "ಆಮೇಲೆ?" ಅನ್ನುತ್ತಿದ್ದೆ. ಬೀಗದ ಕಥೆಯ ಹೊತ್ತಿಗೆ ಹನ್ನೆರಡನೆಯ ಗಂಟು ಹಾಕಿ ನೂಲು ಕತ್ತರಿಸಿದೆ.

ಪರೀಕ್ಷಕರು ಹತ್ತು ನಿಮಿಷ ಕಾಯಬೇಕು. ವಿಮಲಾಕ್ಷಿ ಮೇಡಂ ಚಿಮಟ ಹಿಡಿದು ಬಂದು ಗಂಟುಗಳನ್ನು ಒಂದೊಂದಾಗಿ ಎಳೆದು ನೋಡಿದರು. ಒಂದೂ ಅಲ್ಲಾಡಲಿಲ್ಲ. ಮತ್ತೆ ಮೊದಲಿನಿಂದ ಎಳೆದರು.

"ನೂಲು ನಮ್ಮದೇ ತಾನೆ?" ಎಂದು ಕಿರಿಯರನ್ನು ಕೇಳಿದರು.

"ನಮ್ಮದೇ ಮೇಡಂ. ಆದರೆ ಇದು ನಿಯಮಕ್ಕೆ ವಿರುದ್ಧ. ಅಭ್ಯರ್ಥಿ ಮಾತಾಡಬೇಕು ಅಂತಿದೆ. ಇವರು ಹೆಚ್ಚುಕಡಿಮೆ ಮಾತೇ ಆಡಿಲ್ಲ, ಆಡಿದ್ದೆಲ್ಲ ಅವರು."

"ಹಾಗಿದ್ರೆ ಗಂಟು ಹೇಗೆ ನಿಂತಿತು?"

"ನಿಲ್ಲಬಾರದಿತ್ತು" ಎಂದರು ಕಿರಿಯರು, ಪುಸ್ತಕ ನೋಡುತ್ತ.

"ನಿಂತಿದೆಯಲ್ಲ ಸ್ವಾಮಿ" ಎಂದರು ಚೌಡಪ್ಪ. "ನಾನೂ ನೋಡ್ತಾ ಇದೀನಿ."

ಮೇಡಂ ನನ್ನ ಮುಖ ನೋಡಿದರು. ನಾನು ಎದ್ದು ನಿಂತಿದ್ದೆ. ಸೊನ್ನೆಯೂ ಬರಬಹುದು, ಹನ್ನೆರಡೂ ಬರಬಹುದು, ನಡುವಿನದ್ದು ಬರುವ ಹಾಗಿರಲಿಲ್ಲ. ಅವರು ಸ್ವಲ್ಪ ಯೋಚಿಸಿ, ನನಗೆ ಬೆನ್ನು ಮಾಡಿ ನಿಂತು, ಗೌನಿನ ಹಿಂದಿನ ಲಾಡಿಗಳನ್ನು ಬಿಚ್ಚಿದರು.

"ಕಟ್ಟಿ. ನೀವು ಬಾಯಿ ಬಿಡಬೇಡಿ. ನಾನು ಮಾತಾಡ್ತೀನಿ."

ನಾನು ಲಾಡಿಗಳನ್ನು ಕೈಗೆ ತೆಗೆದುಕೊಂಡೆ.

"ನಮ್ಮ ಮನೆ ಕೆರೆ ಏರಿ ಹತ್ತಿರ" ಎಂದರು. ಗಂಟು ಬಿಚ್ಚಿತು. ಅವರ ಮನೆಗೆ ವಾರಕ್ಕೆ ಮೂರು ದಿನ ಕನಕಾಂಬರ ಕೊಡುವವಳು ಅಮ್ಮನೇ.

"ನನಗೆ ಬದನೆಕಾಯಿ ಆಗಲ್ಲ." ಅದೂ ಬಿಚ್ಚಿತು. ಅದನ್ನೂ ಅಮ್ಮ ಹೇಳಿದ್ದಳು.

"ನನ್ನ ಮಗ..." ಎಂದು ಶುರುಮಾಡಿ, ನನ್ನ ಕಡೆ ತಿರುಗಿ, "ಅದೂ ಗೊತ್ತಿರಬೇಕು" ಎಂದರು. ನಾನು ತಲೆಯಾಡಿಸಿದೆ. ಚೌಡಪ್ಪ ಕೆಮ್ಮಿದರು.

ಮೇಡಂ ಮತ್ತೆ ಬೆನ್ನು ತಿರುಗಿಸಿ ನಿಂತರು. ಲಾಡಿಗಳು ನನ್ನ ಕೈಯಲ್ಲಿ ತಣ್ಣಗಿದ್ದವು. ಅವರ ಹೆಗಲು ಒಂದು ಸಲ ಮೇಲೆದ್ದು ಇಳಿಯಿತು.

"ನಾನು ಈ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದೆ. ಎರಡು ಸಲವೂ ಸೊನ್ನೆ. ಬಾಯಿ ಕಟ್ಟಿಹೋಗ್ತಿತ್ತು. ಮೂರನೇ ಸಲ ಬರುವಾಗ ಹೆದರಿಕೆಗೆ ದಾರಿಯಲ್ಲಿ ವಾಂತಿ ಮಾಡ್ಕೊಂಡೆ, ಆ ಕಥೆಯನ್ನೇ ಸ್ವಯಂಸೇವಕರಿಗೆ ತುಂಡು ತುಂಡಾಗಿ ಹೇಳಿ ಎಂಟು ಗಂಟು ಹಾಕಿದೆ. ಅವರು ಬಿಟ್ರೆ ಇನ್ಯಾರಿಗೂ ಹೇಳಿಲ್ಲ."

ನಾನು ಗಂಟು ಹಾಕಿ ಕೈ ತೆಗೆದೆ. ಕಿರಿಯ ಪರೀಕ್ಷಕರು ನಿಯಮದ ಪುಸ್ತಕವನ್ನು ಮುಚ್ಚಿ ಮೇಜಿನ ಮೇಲಿಟ್ಟರು. ಹತ್ತು ನಿಮಿಷ ನಾಲ್ವರೂ ಗಡಿಯಾರ ನೋಡುತ್ತ ಕಾದೆವು. ಚೌಡಪ್ಪನವರಿಗೆ ಹೊರಗಿನಿಂದ ಯಾರೋ ಚಹಾ, ಬನ್ನು ತಂದುಕೊಟ್ಟರು. ಅವರು ಬನ್ನು ಅದ್ದಿಕೊಂಡು ತಿನ್ನುತ್ತಿದ್ದರು.

ಸಮಯ ಮುಗಿದ ಮೇಲೆ ಮೇಡಂ ಕೈ ಹಿಂದಕ್ಕೆ ಮಾಡಿ ಲಾಡಿ ಎಳೆದರು. ಬಿಚ್ಚಲಿಲ್ಲ. ಕಿರಿಯರು ಉಗುರಿನಿಂದ ಪ್ರಯತ್ನಿಸಿದರು, ಆಮೇಲೆ ಚಿಮಟದಿಂದ. ಚೌಡಪ್ಪ ಬನ್ನು ಕೆಳಗಿಟ್ಟು ಬಂದು ಮರ ಕೊಯ್ದ ಕೈಯಿಂದ ಎಳೆದು ನೋಡಿ, "ಇದು ಆಗೋ ಕೆಲಸ ಅಲ್ಲ ತಾಯಿ" ಎಂದು ಹೋಗಿ ಕೂತರು. ಕೊನೆಗೆ ಕತ್ತರಿ ತಂದು ಕತ್ತರಿಸಬೇಕಾಯಿತು.

ಮೇಡಂ ಗಂಟಿದ್ದ ತುಂಡನ್ನು ಅಂಗೈಯಲ್ಲಿಟ್ಟು ನೋಡಿದರು.

"ಇಷ್ಟು ಬಿಗಿಯಾಗಿ ಯಾಕೆ ಕಟ್ಟಿದ್ರಿ?"

"ನಾನು ಬಿಗಿ ಮಾಡಿಲ್ಲ ಮೇಡಂ" ಎಂದೆ.

ಅವರು ತುಂಡನ್ನು ಜೇಬಿಗೆ ಹಾಕಿಕೊಂಡು, ಕನ್ನಡಕ ಏರಿಸಿ, ನನ್ನ ಹೆಸರಿನ ಮುಂದೆ ಹನ್ನೆರಡು ಎಂದು ಬರೆದು, ಅದರ ಕೆಳಗೆ ಗೆರೆ ಎಳೆದರು. ಆಮೇಲೆ ಸಡಿಲಾದ ಗೌನನ್ನು ಒಂದು ಕೈಯಲ್ಲಿ ಹಿಂದೆ ಹಿಡಿದುಕೊಂಡೇ ಬಾಗಿಲ ಕಡೆಗೆ ತಿರುಗಿ, ಇಪ್ಪತ್ತನೇ ನಂಬರನ್ನು ಕರೆದರು.